ಮಿನಿಸ್ಟರ್ ಕೊಡುತ್ತಿದ್ದ ಫೋನ್ ಕಾರ್ಡು

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಒಬ್ಬ ಮಂತ್ರಿ ಇದ್ದಾರೆ ಎಂದು ಹುಬ್ಬಳ್ಳಿಗೆ ಫೋನ್ ಮಾಡಿ ಹೇಳಿದಾಗ ಅವ್ವ ನಂಬಲಿಲ್ಲ. "ಮಂತ್ರಿ ಅಂದ್ರ ಹಿಂದ ಮುಂದ ನಾಕು ಗಾಡಿ ಇರಬೇಕಲ್ಲ?" ಅಂದಳು. ಹಿಂದೆ ಮುಂದೆ ಗಾಡಿ ಹಾಗಿರಲಿ, ಅವರಿಗೆ ಗಾಡಿ ಓಡಿಸುವುದಕ್ಕೇ ಬರುತ್ತಿರಲಿಲ್ಲ. ನಾನು ನೆಲೆಸಿರುವ ಹೊರದೇಶದ ಊರಾದ ಲೋವರ್ ಹಟ್‌ನಲ್ಲಿ ಕಾರು ಓಡಿಸಲು ಬಾರದ ಗಂಡಸೆಂದು ನಾನು ಕಂಡದ್ದು ಅವರೊಬ್ಬರನ್ನೇ. ಮುಂದೆ ನಾಲ್ಕು ಜೇಬುಗಳಿರುವ ಬಿಳಿ ಅಂಗಿ, ಅದರ ಮೇಲೆ ಮಗಳು ಕೊಡಿಸಿದ ದಪ್ಪ ಉಣ್ಣೆ ಸ್ವೆಟರ್, ಎಡಗೈಯಲ್ಲಿ ಹಾಲಿನ ಬಾಟಲಿ, ಹೀಗೆ ಮೆಲ್ಲಗೆ ನಡೆದು ಬರುತ್ತಿದ್ದರು. ಒಂದು ಕಾಲಕ್ಕೆ ಕ್ಯೂಬಾ ದೇಶದ ಸಾರಿಗೆ ಖಾತೆಯ ಉಪಮಂತ್ರಿ.

ಈ ಚಳಿಗಾಲದಲ್ಲಿ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬೇಡ ಎಂದು ಅವರ ಮಗಳು ಕೇಳಿಕೊಂಡಿದ್ದಾಳೆ, ಅವರ ಬಳಗದವರು ಇನ್ನೂ ಆ ದೇಶದಲ್ಲಿದ್ದಾರೆ. ಬೀದಿಯವರೆಲ್ಲ ಅವರನ್ನು ಮಿನಿಸ್ಟರ್ ಎನ್ನುತ್ತಿದ್ದರು. ಇಲ್ಲಿಯೂ ಅಷ್ಟೇ ಸಾಕು.

ಅವರು ನನಗೆ ಮೊದಲು ಸಿಕ್ಕಿದ್ದು ಮೂಲೆಯ ಡೇರಿಯಲ್ಲಿ. ಡೇರಿ ಎಂದರೆ ಇಲ್ಲಿ ಎಮ್ಮೆ ಆಕಳ ಸಂಬಂಧವಿಲ್ಲ, ನಮ್ಮ ಕಿರಾಣಿ ಅಂಗಡಿ ಇದ್ದ ಹಾಗೆ. ಮೇಲಿನ ಹಲಗೆಯಲ್ಲಿದ್ದ ಕಾಫಿ ಪೊಟ್ಟಣವನ್ನು ಅವರು ಎಡಗೈಯಿಂದ ಎಳೆಯಲು ಒದ್ದಾಡುತ್ತಿದ್ದರು. ಬಲಗೈ ಸುಮ್ಮನೆ ಜೋತುಬಿದ್ದಿತ್ತು. ನಾನು ಫಿಸಿಯೋಥೆರಪಿಸ್ಟ್. ಭುಜ ಕಂಡರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ.

"ಭುಜ ಹಿಡಿದುಕೊಂಡಿದೆಯಾ? ಎಷ್ಟು ದಿನ ಆಯ್ತು?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಬಹಳ ವರ್ಷ ಆಯ್ತು, ಡಾಕ್ಟರ್."

"ನಾನು ಡಾಕ್ಟರ್ ಅಲ್ಲ."

ಅಂಗಡಿಯಾತ ನಗುತ್ತ, "ಇವರು ಮಿನಿಸ್ಟರ್" ಎಂದು ಪರಿಚಯ ಮಾಡಿಸಿದ. ಅವರು ತಲೆ ಬಾಗಿಸಿ, "ನಾನೂ ಈಗ ಮಿನಿಸ್ಟರ್ ಅಲ್ಲ. ನೀನು ನನಗೆ ಹಾಗನ್ನು, ನಾನು ನಿನಗೆ ಹೀಗನ್ನುತ್ತೇನೆ" ಅಂದರು. ಅಲ್ಲಿಂದ ಕೊನೆಯವರೆಗೂ ನಾನು ಅವರಿಗೆ ಡಾಕ್ಟರ್ ಆಗಿಯೇ ಉಳಿದೆ. ಅವರ ಇಂಗ್ಲಿಷ್ ನನ್ನದರಷ್ಟೇ ಕುಂಟುತ್ತಿತ್ತು. ಅದಕ್ಕೇ ಇರಬೇಕು, ನಮ್ಮಿಬ್ಬರಿಗೆ ಬೇಗ ಹೊಂದಿಕೆಯಾಯಿತು.

ಅವರ ಮಗಳು ಮದುವೆಯಾದದ್ದು ಇಲ್ಲಿಯ ಭೂಕಂಪ ವಿಜ್ಞಾನಿಯೊಬ್ಬನನ್ನು. ತಾಯಿ ತೀರಿಕೊಂಡ ಮೇಲೆ ಅಪ್ಪನನ್ನು ಕರೆಸಿಕೊಂಡಿದ್ದಳು. ಅವಳ ಮನೆಯ ಸೋಫಾದ ಮೇಲೆ ಅವರನ್ನು ಮಲಗಿಸಿ ನಾನು ಭುಜ ಪರೀಕ್ಷೆ ಮಾಡಿದೆ. ನಾನು ಎತ್ತಿದರೆ ಕೈ ಕಿವಿಯವರೆಗೆ ಸಲೀಸಾಗಿ ಬಂತು. ಕೀಲು ಹುಡುಗರ ಕೀಲಿನಂತಿತ್ತು. ಎದ್ದು ನಿಂತು ನೀವೇ ಎತ್ತಿ ಎಂದರೆ ಮಾತ್ರ ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು.

"ನಿಮಗೇನೂ ಆಗಿಲ್ಲವಲ್ಲ!" ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

"ಆಗಿದೆ ಅಂತ ನಾನು ಯಾವಾಗ ಹೇಳಿದೆ? ಇದನ್ನು ಎತ್ತುವುದನ್ನು ಬಿಟ್ಟಿದ್ದೇನೆ."

ಮಗಳು ಕಾಫಿ ತಂದಿಟ್ಟಳು. ಬೆರಳಗಲದ ಲೋಟ, ಅರ್ಧ ಕಾಫಿ, ಅರ್ಧ ಸಕ್ಕರೆ. ಅದನ್ನು ಕುಡಿಯುತ್ತ ಅವರು ಹೇಳಿದ್ದು ಇಷ್ಟು. ಅವರಿಗೊಬ್ಬ ಗೆಳೆಯನಿದ್ದ. ಒಂದೇ ಊರು, ಒಂದೇ ಶಾಲೆ. ಸೈನ್ಯದವನೊಬ್ಬ ದೇಶದ ಅಧಿಕಾರ ಹಿಡಿದು ಕೂತಾಗ ಇಬ್ಬರೂ ಸೇರಿ ಬಸ್ಸಿನ ಸೀಟಿನ ಅಡಿಯಲ್ಲಿ ಕರಪತ್ರ ಸಾಗಿಸಿದ್ದರು. ಕ್ರಾಂತಿಯಾಯಿತು. ಮಾತುಗಾರರಾದ ಇವರು ಮೂವತ್ತು ದಾಟುವಷ್ಟರಲ್ಲಿ ಉಪಮಂತ್ರಿಯಾದರು, ಇಂಜಿನಿಯರಾದ ಗೆಳೆಯ ಅದೇ ಖಾತೆಯಲ್ಲಿ ಬಸ್ಸುಗಳನ್ನು ನೋಡಿಕೊಂಡ. ಹೊರದೇಶದಿಂದ ಬಂದ ಬಸ್ಸುಗಳಿಗೆ ಬಿಡಿಭಾಗ ಸಿಗದೆ ಅವು ಡಿಪೋದಲ್ಲಿ ನಿಂತವು. ನಿಂತ ಬಸ್ಸನ್ನು ಓಡುತ್ತಿದೆ ಎಂದು ವರದಿಯಲ್ಲಿ ಬರೆಯುವುದಿಲ್ಲ ಎಂದು ಗೆಳೆಯ ಹಟ ಹಿಡಿದ. ಅಷ್ಟಕ್ಕೇ ಅವನು ಕ್ರಾಂತಿಯ ವಿರೋಧಿ ಎಂದಾಯಿತು. ಖಾತೆಯ ನೌಕರರೆಲ್ಲ ಸೇರಿದ ಸಭೆಯಲ್ಲಿ ಅವನನ್ನು ತೆಗೆದುಹಾಕುವ ಗೊತ್ತುವಳಿ ಬಂತು.

"ನಾನು ವೇದಿಕೆಯ ಮೇಲಿದ್ದೆ. ಅವನು ಮುಂದಿನ ಸಾಲಿನಲ್ಲಿ. ಒಪ್ಪುವವರು ಕೈ ಎತ್ತಿ ಅಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಡಾಕ್ಟರ್. ನನ್ನ ಕೈ ಮೊದಲು ಹೋಯಿತು. ಆಮೇಲೆ ಉಳಿದವರದು."

ಗೆಳೆಯನನ್ನು ಕಬ್ಬಿನ ಗದ್ದೆಗೆ ಕೂಲಿಗೆ ಕಳಿಸಿದರು. ಕೆಲವು ವರ್ಷಗಳ ಮೇಲೆ ಅವನು ಹೆಂಡತಿ ಮಕ್ಕಳೊಂದಿಗೆ ಸ್ಪೇನಿಗೆ ಹೊರಟುಹೋದ. ಇವರು ಇನ್ನೂ ಬಹಳ ಕಾಲ ಉಪಮಂತ್ರಿಯಾಗಿಯೇ ಇದ್ದರು. ಆದರೆ ಸಭೆಗಳಲ್ಲಿ ಭುಜ ನೋವು ಎಂದು ಹೇಳಿ ಎಡಗೈ ಎತ್ತುತ್ತಿದ್ದರಂತೆ. ಅದನ್ನು ಹೇಳುವಾಗ ತಾವೇ ನಕ್ಕರು. ಆ ನಗು ನನಗೆ ಚೂರೂ ಹಿಡಿಸಲಿಲ್ಲ.

"ಅವನು ಬದುಕಿದ್ದಾನೆ. ನಂಬರ್ ನನ್ನ ಹತ್ತಿರ ಇದೆ. ಒಂದು ಸಲ ಫೋನ್ ಮಾಡಿ, ಆ ಕೈ ನನ್ನದು, ತಪ್ಪಾಯಿತು ಅನ್ನಬೇಕು. ಅಷ್ಟಾದ ಮೇಲೆ ನೀನು ಹೇಳಿದಷ್ಟು ಎತ್ತರಕ್ಕೆ ಎತ್ತುತ್ತೇನೆ."

ಅದಕ್ಕಾಗಿಯೇ ಅವರು ತಿಂಗಳಿಗೊಂದು ಫೋನ್ ಕಾರ್ಡ್ ಕೊಳ್ಳುತ್ತಿದ್ದರು. ಹೊರದೇಶಕ್ಕೆ ಮಾತಾಡಲು ಡೇರಿಯಲ್ಲಿ ಸಿಗುವ ಕಾರ್ಡ್ ತಂದು, ಬೆಳ್ಳಿಬಣ್ಣ ಕೆರೆದು, ಒಳಗಿನ ನಂಬರ್ ಒತ್ತಿ ಮಾತಾಡಬೇಕು. ಮಿನಿಸ್ಟರ್ ಕಾರ್ಡ್ ತಂದು ಅಂಗಿಯ ಜೇಬಿನಲ್ಲಿಟ್ಟುಕೊಳ್ಳುವರು. ಇವತ್ತು, ನಾಳೆ, ಈ ಭಾನುವಾರ ಎನ್ನುವರು. ತಿಂಗಳು ಮುಗಿಯುತ್ತ ಬಂದಾಗ ನಮ್ಮ ಗೇಟಿನ ಹತ್ತಿರ ನಿಂತು, ಕೆರೆಯದ ಆ ಕಾರ್ಡನ್ನು ನನ್ನ ಕೈಗಿಡುವರು.

"ತಗೋ, ನಿನ್ನ ಅಮ್ಮನಿಗೆ ಮಾಡು. ನನಗೆ ಈ ತಿಂಗಳೂ ಆಗಲಿಲ್ಲ."

ಬೇಡವೆಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಸ್ಪೇನಿಗೆ ಹೋಗಬೇಕಾದ ಮಾತೆಲ್ಲ ಹುಬ್ಬಳ್ಳಿಗೆ ಹೋಯಿತು. ಅವ್ವನ ಮೊಣಕಾಲು, ತಮ್ಮನ ಹೆಂಡತಿಯ ಬಾಣಂತನ, ಓಣಿಯ ಮದುವೆಗಳು, ಎಲ್ಲವನ್ನೂ ನಾವಿಬ್ಬರೂ ಮಿನಿಸ್ಟರ್ ಕಾರ್ಡಿನಲ್ಲಿ ಮಾತಾಡಿದೆವು. ಪ್ರತಿ ಸಲ ಫೋನ್ ಎತ್ತಿದ ಕೂಡಲೇ ಅವ್ವ ಕೇಳುವಳು, "ಆ ಮಂತ್ರಿ ಅಜ್ಜಾರು ಗೆಳ್ಯಾಗ ಫೋನ್ ಮಾಡಿದ್ರೇನ?"

"ಇನ್ನೂ ಇಲ್ಲವ್ವಾ."

"ಮಾಡಂತ ಹೇಳವಾ ಅವರಿಗೆ. ವಯಸ್ಸೇನು ಸಣ್ಣದಲ್ಲ. ನನ್ ಮೊಣಕಾಲಿನ ಸುದ್ದಿ ಕೇಳ್ಲಿಕ್ಕೆ ಕಾರ್ಡ್ ತಗೊಂಡಾರೇನ್ ಅವರು?"

ಈ ಒಂದು ವಿಷಯ ಬಿಟ್ಟರೆ ಅವರು ಅಳುಕುವ ಮನುಷ್ಯರೇ ಅಲ್ಲ. ನಮ್ಮೂರಿನ ವಾಟರ್‌ಲೂ ಸ್ಟೇಷನ್ನಿನ ಹೊರಗೆ ಬಸ್ಸುಗಳು ಬಂದು ಹೋಗುವುದನ್ನು ಬೆಳಗಿನಿಂದ ನೋಡುತ್ತ ಕೂರುವರು. ಇಳಿಯುವ ಜನ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಹೋಗುವುದು ಅವರಿಗೆ ಎಲ್ಲಿಲ್ಲದ ಸಂತೋಷ ಕೊಡುತ್ತಿತ್ತು. "ನನ್ನ ಕಾಲದಲ್ಲಿ ಬಸ್ಸು ಬಂದರೆ ಜನ ದೇವರಿಗೆ ಥ್ಯಾಂಕ್ಸ್ ಹೇಳುತ್ತಿದ್ದರು. ನಾವು ದೇವರನ್ನು ತೆಗೆದುಹಾಕಿದ್ದರೂ ಹೇಳುತ್ತಿದ್ದರು" ಎನ್ನುವರು. ಮಾತಿಗೆ ನಿಂತರೆ ಮುಗಿಯಿತು. ಒಮ್ಮೆ ಬೀದಿಯ ಬಾರ್ಬೆಕ್ಯೂದಲ್ಲಿ, ಮಿನಿಸ್ಟರ್ ಎರಡು ಮಾತಾಡಲಿ ಎಂದು ಯಾರೋ ತಮಾಷೆಗೆ ಅಂದರು. ಅವರು ಹಳೆಯ ಮಿಂಚು ಮೈಮೇಲೆ ಬಂದವರಂತೆ ಎದ್ದು ನಿಂತರು. ನೆರೆಹೊರೆ, ಮಾನವಕುಲ, ಕುರಿಮಾಂಸ, ಭವಿಷ್ಯ, ಯಾವುದನ್ನೂ ಬಿಡಲಿಲ್ಲ. ಸಾಸೇಜ್ ತಿರುವುತ್ತಿದ್ದವನೂ ಕೈಕಟ್ಟಿಕೊಂಡು ಕೇಳುತ್ತ ನಿಂತ. ಕೊನೆಗೆ ಹೊಗೆ ಎದ್ದ ಮೇಲೆಯೇ ಭಾಷಣ ನಿಂತದ್ದು. ಆವತ್ತು ಎಲ್ಲರೂ ಸೀದ ಬ್ರೆಡ್ಡು, ಕರಕಲು ಸಾಸೇಜ್ ತಿಂದೆವು, ಆದರೆ ಯಾರೂ ಗೊಣಗಲಿಲ್ಲ.

ಅವರ ದೇಶದ ನಾಯಕ ಕಾಯಿಲೆ ಬಿದ್ದು ತಮ್ಮನಿಗೆ ಅಧಿಕಾರ ಕೊಟ್ಟ ವರ್ಷ ಯಾರೋ ಪತ್ರಿಕೆಯವಳು ಇವರನ್ನು ಹುಡುಕಿಕೊಂಡು ಬಂದಳು. ಮಾತಿನ ಮಲ್ಲ ಬಾಗಿಲಲ್ಲೇ ನಿಂತು, "ಬಸ್ಸಿನ ವಿಷಯವಾದರೆ ಕೂತುಕೋ, ಬೇರೆ ಏನಾದರೂ ಆದರೆ ಕಾಫಿ ಕುಡಿದು ಹೋಗು" ಎಂದರಂತೆ. ಅವಳು ಕಾಫಿ ಕುಡಿದು ಹೋದಳು. ಅವಳ ಮುಂದೆ ನಾಯಕನನ್ನು ಬೈದುಬಿಡಬಹುದಿತ್ತಲ್ಲ ಎಂದು ನಾನು ಕೆಣಕಿದೆ. "ಯಾರನ್ನು ಬೈಯಲಿ, ಡಾಕ್ಟರ್? ಆ ಸಭೆಯಲ್ಲಿ ನಾಯಕ ಇರಲಿಲ್ಲ. ನಾನಿದ್ದೆ" ಎಂದರು.

ಒಂದು ಸಲ ನಾನು ಹಟ ಮಾಡಿದೆ. ನಮ್ಮಲ್ಲಿ ಸಂಜೆಯಾದರೆ ಸ್ಪೇನಿನಲ್ಲಿ ಬೆಳಗು. ಅವರ ಮಗಳ ಮನೆಯ ಫೋನಿನಲ್ಲಿ ನಾನೇ ಕಾರ್ಡ್ ಕೆರೆದು, ಅವರು ಬಾಯಲ್ಲಿ ಹೇಳಿದಂತೆ ನಂಬರ್ ಒತ್ತಿ, ರಿಸೀವರ್ ಕೈಗೆ ಕೊಟ್ಟೆ. ಆ ಕಡೆ ರಿಂಗಾಗುವುದು ನನಗೂ ಕೇಳುತ್ತಿತ್ತು. ಯಾರೋ ಗಂಡಸು ಎತ್ತಿ ಸ್ಪ್ಯಾನಿಷಿನಲ್ಲಿ ಹಲೋ ಎಂದ. ಮಿನಿಸ್ಟರ್ ಬಾಯಿ ತೆರೆದರು. ಮಾನವಕುಲದ ಬಗ್ಗೆ ಸಾಸೇಜ್ ಸುಟ್ಟುಹೋಗುವಷ್ಟು ಮಾತಾಡಿದ ಮನುಷ್ಯನಿಗೆ ಒಂದು ಶಬ್ದ ಹೊರಡಲಿಲ್ಲ. ಆ ಕಡೆಯವನು ಇನ್ನೆರಡು ಸಲ ಹಲೋ ಎಂದ. ಆಮೇಲೆ ಅವನೂ ಸುಮ್ಮನಾದ, ಆದರೆ ಇಡಲಿಲ್ಲ. ಕೊನೆಗೆ ಇವರೇ ರಿಸೀವರನ್ನು ಮೆಲ್ಲಗೆ ಇಟ್ಟರು.

"ಅವನದೇ ದನಿ" ಅಂದರು.

"ಹಾಗಾದರೆ ಮಾತಾಡಬೇಕಿತ್ತಲ್ಲ!"

"ಅವನು ಕ್ಷಮಿಸದಿದ್ದರೆ? ಈಗಲಾದರೆ ಕೇಳುವುದು ಬಾಕಿ ಇದೆ ಅಂತಾದರೂ ಇದೆ."

ನನಗೆ ಕೆಟ್ಟ ಕೋಪ ಬಂತು. ಕಾರ್ಡ್ ತೆಗೆದುಕೊಂಡು ಮನೆಗೆ ಬಂದೆ.

ಅದರ ಮರುವರ್ಷ ನಮ್ಮ ಕನ್ನಡ ಕೂಟದ ವಾರ್ಷಿಕ ಸಭೆಗೆ ಅವರನ್ನು ಕರೆದುಕೊಂಡು ಹೋಗಿದ್ದೆ. ಭಾಷೆ ತಿಳಿಯದಿದ್ದರೂ ಹೋಳಿಗೆಯ ಆಸೆಗೆ ಬಂದಿದ್ದರು. ಕೂಟದಲ್ಲಿ ನಮ್ಮ ಕಡೆಯವರೊಬ್ಬರು, ಬಾಗಲಕೋಟೆಯ ಗಂಡಸು, ಇಲ್ಲಿ ನರ್ಸ್, ಬಾಯಿ ಸ್ವಲ್ಪ ಜೋರು. ರಾಜ್ಯೋತ್ಸವದ ದಿನ ವೇದಿಕೆಯ ಮುಂದೆಯೇ, "ವರ್ಷಾ ವರ್ಷಾ ನಿಮ್ಮ ಬೆಂಗಳೂರು ಹುಡುಗರ ಸಿನಿಮಾ ಡ್ಯಾನ್ಸ್ ನೋಡಾಕ ಬರಬೇಕೇನ್ರಿ ನಾವು? ನಮ್ಮ ಡೊಳ್ಳಿಗೆ ನಿಮ್ಮಲ್ಲಿ ಜಾಗಾ ಇಲ್ಲೇನು?" ಎಂದು ಕೂಗಾಡಿದ್ದರು. ಸಮಿತಿಗೆ ಅವಮಾನವಾಯಿತೆಂದು ಅವರನ್ನು ಕೂಟದಿಂದ ತೆಗೆಯುವ ಮಾತು ಬಂತು. ನಮ್ಮ ಸಭೆಗಳ ಪದ್ಧತಿ ಗೊತ್ತಿರುವುದೇ. ಎಲ್ಲವೂ ಸರ್ವಾನುಮತ, ಅದೂ ಊಟಕ್ಕೆ ಮುಂಚೆ. ಅಡುಗೆಮನೆಯಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು.

"ಎಲ್ರೂ ಒಪ್ಕೊಂಡಿದ್ದೀರ ಅಂದ್ಕೋತೀನಿ. ಒಂದ್ಸಲ ಕೈ ಎತ್ಬಿಡಿ, ಊಟ ಆರೋಗ್ತಾ ಇದೆ" ಎಂದರು ಅಧ್ಯಕ್ಷರು.

ಕೈಗಳು ಎದ್ದವು. ನಮ್ಮ ಮನೆಯವರು ಮೈಸೂರಿನವರು, ಯಾರ ಗೊಡವೆಗೂ ಹೋಗುವವರಲ್ಲ. ಅವರ ಕೈಯೂ ಅರ್ಧಕ್ಕೆ ಎದ್ದಿತ್ತು. ಬಾಗಲಕೋಟೆಯವರು ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಮಿನಿಸ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಕೈಗಳು ಅರ್ಥವಾದವು. ನನ್ನ ಮೊಣಕೈ ಹಿಡಿದು, "ಆ ಮನುಷ್ಯ ಏನು ಮಾಡಿದ?" ಎಂದರು. ಡೊಳ್ಳು ಬೇಕೆಂದು ಕೂಗಿದ ಎಂದೆ. ಅವರ ಮುಖ ಬಿಳಿಚಿಕೊಂಡಿತು. ಕುರ್ಚಿ ಹಿಂದೆ ಸರಿಸಿ ಎದ್ದು ಸೀದಾ ಮುಂದೆ ಹೋದರು.

"ನಾನು ನಿಮ್ಮ ಅತಿಥಿ. ಒಂದು ಬೇಡಿಕೆ. ಇದನ್ನೇ ಚೀಟಿಯಲ್ಲಿ ಬರೆದು ಹಾಕಿ, ಹೆಸರು ಬೇಡ. ಊಟ ತಣ್ಣಗಾದರೆ ನಾನೇ ಬಿಸಿ ಮಾಡಿಕೊಡುತ್ತೇನೆ."

ಎಲ್ಲರೂ ನಕ್ಕರು. ವಯಸ್ಸಾದವರು, ಅದೂ ಮಿನಿಸ್ಟರ್ ಎಂದು ಅಧ್ಯಕ್ಷರೂ ಒಪ್ಪಿದರು. ಪೆಟ್ಟಿಗೆ ಎಲ್ಲಿಂದ ತರುವುದು? ಅಡುಗೆಮನೆಯಿಂದ ಖಾಲಿ ಇಡ್ಲಿ ಪಾತ್ರೆ ಬಂತು. ಅವರು ಅದನ್ನು ಬಗಲಲ್ಲಿ ಇಟ್ಟುಕೊಂಡು ಸಾಲುಸಾಲಾಗಿ ನಡೆದರು, ಯಾರ ಮುಖವನ್ನೂ ನೋಡದೆ ಗೋಡೆಯ ಕಡೆ ತಿರುಗಿಕೊಂಡು. ಚೀಟಿ ಬಿಚ್ಚಿ ನೋಡಿದರೆ, ತೆಗೆಯಬೇಡಿ ಎಂದು ಬರೆದವರೇ ಹೆಚ್ಚು. ಈಗಷ್ಟೇ ಕೈ ಎತ್ತಿದ್ದ ಅದೇ ಜನ. ಒಬ್ಬರ ಮುಖ ಒಬ್ಬರು ನೋಡಲಾರದೆ ಎಲ್ಲರೂ ತಟ್ಟೆಗಳ ಕಡೆ ನಡೆದೆವು. ಬಾಗಲಕೋಟೆಯವರು ಮಿನಿಸ್ಟರ್ ಮುಂದೆ ಬಂದು ನಿಂತು ಅವರ ತಟ್ಟೆಗೆ ಎರಡು ಹೋಳಿಗೆ ಹಾಕಿ ಹೋದರು. ಮುಂದಿನ ರಾಜ್ಯೋತ್ಸವಕ್ಕೆ ಡೊಳ್ಳೂ ಬಂತು.

ಕಾರಿನಲ್ಲಿ ಬರುವಾಗ ನಾನು ಖುಷಿಯಿಂದ, "ಇವತ್ತು ಒಬ್ಬನನ್ನು ಉಳಿಸಿದಿರಿ" ಎಂದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು.

"ಎಷ್ಟು ಸುಲಭವಿತ್ತು ನೋಡು, ಡಾಕ್ಟರ್. ಒಂದು ಪಾತ್ರೆ ಇದ್ದಿದ್ದರೆ ಸಾಕಿತ್ತು." ಮನೆ ಹತ್ತಿರ ಬಂದಾಗ, "ಈ ಭಾನುವಾರ ಫೋನ್ ಮಾಡುತ್ತೇನೆ" ಎಂದರು. ಭಾನುವಾರ ಬಂತು, ಹೋಯಿತು. ತಿಂಗಳ ಕೊನೆಗೆ ಗೇಟಿನ ಹತ್ತಿರ ಬಂದು ಕಾರ್ಡ್ ಕೊಟ್ಟರು.

ಈ ವರ್ಷ ಚಳಿ ಶುರುವಾಗುತ್ತಿದ್ದಂತೆ ಎದೆಯಲ್ಲಿ ಕಫ ಕಟ್ಟಿತು. ನ್ಯುಮೋನಿಯಾ. ನಾನು ಕೆಲಸ ಮಾಡುವ ಆಸ್ಪತ್ರೆಗೇ ಸೇರಿಸಿದರು. ಉಸಿರಾಟದ ವ್ಯಾಯಾಮ ಮಾಡಿಸಲು ನಾನೇ ಹೋಗುತ್ತಿದ್ದೆ. ಉದ್ದಕ್ಕೆ ಉಸಿರೆಳೆದು ಎರಡೂ ಕೈ ಎತ್ತಿ ಎಂದರೆ ಎಡಗೈ ಮೇಲೆ ಹೋಗುವುದು, ಬಲಗೈ ಹೊದಿಕೆಯ ಮೇಲೆ ಬಿದ್ದಿರುವುದು.

"ಇಲ್ಲಿ ಯಾವ ಗೊತ್ತುವಳಿಯೂ ಇಲ್ಲ, ಮಿನಿಸ್ಟರ್. ನಿಮ್ಮ ಎದೆಗಾಗಿ ಎತ್ತಿ."

"ಅವನಿಗೆ ಹೇಳಿದ ಮೇಲೆ."

"ಈಗಲೇ ಫೋನ್ ತರಲಾ?"

ಕಣ್ಣು ಮುಚ್ಚಿಕೊಂಡು, "ಈ ಕೆಮ್ಮು ನಿಲ್ಲಲಿ. ಕೆಮ್ಮುತ್ತ ಕ್ಷಮೆ ಕೇಳಿದರೆ ಕನಿಕರಕ್ಕೆ ಕೊಟ್ಟುಬಿಡುತ್ತಾನೆ" ಎಂದರು. ಕೆಮ್ಮು ನಿಲ್ಲಲಿಲ್ಲ. ಕೊನೆಯ ದಿನ ಮಗಳನ್ನು ಹತ್ತಿರ ಕರೆದು, ನನ್ನಿಂದಾಗಲಿಲ್ಲ, ನೀನು ಹೇಳು ಎಂದರಂತೆ.

ಸಂಸ್ಕಾರಕ್ಕೆ ಬಂದವರು ಕಡಿಮೆ. ಬೀದಿಯವರು, ಡೇರಿಯವನು, ನಮ್ಮ ಕೂಟದ ಕೆಲವರು. ಬಾಗಲಕೋಟೆಯವರು ರಜೆ ಹಾಕಿ ಬಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟರು. ಅದಾಗಿ ಕೆಲವು ದಿನಗಳ ಮೇಲೆ ಒಂದು ಸಂಜೆ ಮಗಳು ನನ್ನನ್ನು ಕರೆದಳು. ಅಪ್ಪನ ಅಂಗಿಯ ಜೇಬಿನಲ್ಲಿ ಆ ತಿಂಗಳ ಕಾರ್ಡ್ ಸಿಕ್ಕಿತ್ತು, ಎಂದಿನಂತೆ ಕೆರೆಯದೆ. "ಒಬ್ಬಳೇ ಮಾಡುವ ಧೈರ್ಯ ನನಗಿಲ್ಲ" ಎಂದಳು. ನಾನು ಪಕ್ಕದಲ್ಲಿ ಕೂತೆ. ಅವಳು ಸ್ಪ್ಯಾನಿಷಿನಲ್ಲಿ ಮಾತಾಡಿದಳು. ಮೊದಲು ಸಾವಿನ ಸುದ್ದಿ, ಆಮೇಲೆ ತಡೆತಡೆದು ಅಪ್ಪನ ಮಾತು. ನಂತರ ಬಹಳ ಹೊತ್ತು ಅವಳು ಕೇಳುತ್ತಲೇ ಇದ್ದಳು. ಕಣ್ಣೀರು ಗಲ್ಲದಿಂದ ಇಳಿದು ರಿಸೀವರಿನ ಮೇಲೆ ಬೀಳುತ್ತಿತ್ತು. ಫೋನ್ ಇಟ್ಟ ಮೇಲೆ ನನಗೆ ಹೇಳಿದಳು.

ಆ ಮುದುಕ ಅಂದದ್ದು ಇದು. "ಅವನು ಕೈ ಎತ್ತಿದ್ದು ನನಗೆ ಗೊತ್ತಿಲ್ಲವೇ? ನಾನು ಎದುರಿಗೇ ಕೂತಿದ್ದೆನಲ್ಲ. ಎತ್ತದಿದ್ದರೆ ಅವನೂ ನನ್ನ ಜೊತೆ ಕಬ್ಬು ಕಡಿಯಬೇಕಾಗುತ್ತಿತ್ತು. ಅದನ್ನು ನಾನು ಗದ್ದೆಯಲ್ಲೇ ಮರೆತೆ. ಆಮೇಲೆ ಒಂದು ದಿನವೂ ಅವನು ನಮ್ಮ ಮನೆಯ ಕಡೆ ಬರಲಿಲ್ಲವಲ್ಲ, ಅದನ್ನು ಮರೆಯಲಿಕ್ಕಾಗಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಫೋನ್ ಬಂತು. ಯಾರೂ ಮಾತಾಡಲಿಲ್ಲ, ಉಸಿರು ಮಾತ್ರ ಕೇಳಿಸಿತು. ಅವನೇ ಎಂದುಕೊಂಡೆ. ಆವತ್ತಿನಿಂದ ಬೆಳಗಿನ ಹೊತ್ತು ನಾನು ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ."

ಮಿನಿಸ್ಟರ್ ಕೂರುತ್ತಿದ್ದ ಕುರ್ಚಿಯ ಮೇಲೆ ಸ್ವೆಟರ್ ಇತ್ತು. ಇಷ್ಟು ಹತ್ತಿರವಿದ್ದದ್ದು ಯಾಕೆ ಸಿಗಲಿಲ್ಲ ಎಂದು ನನಗೆ ತಡೆಯಲಾರದಷ್ಟು ದುಃಖವಾಯಿತು. ಹೊರಡುವಾಗ ಮಗಳು ಗೇಟಿನವರೆಗೆ ಬಂದು ಕಾರ್ಡನ್ನು ನನ್ನ ಕೈಗಿಟ್ಟಳು. "ಇನ್ನೂ ಸ್ವಲ್ಪ ಉಳಿದಿದೆ. ನಿನ್ನ ಅಮ್ಮನಿಗೆ ಮಾಡು."

ಮನೆಗೆ ಬಂದು ಮಾಡಿದೆ. ಅವ್ವನಿಗೆ ಸಾವಿನ ಸುದ್ದಿ ಮೊದಲೇ ಹೇಳಿದ್ದೆ. ಆದರೂ ಎತ್ತಿದ ಕೂಡಲೇ ಅದೇ ಪ್ರಶ್ನೆ.

"ಕಡೀಕಾದ್ರೂ ಅಜ್ಜಾರು ಫೋನ್ ಮಾಡಿದ್ರೇನವಾ?"

"ಇಲ್ಲವ್ವಾ. ಅವರ ಮಗಳು ಮಾಡಿದ್ಲು, ಇವತ್ತ."

"ಏನಂದ ಗೆಳ್ಯಾ? ಸಿಟ್ಟಾಗಿದ್ನೇನ?"

"ಇಲ್ಲವ್ವಾ," ಎಂದೆ. "ಹಾದಿ ಕಾಯ್ಲಿಕತ್ತಿದ್ನಂತ."